ವಿಜಯಾಳ ಡಬ್ಬಿ

ದೆವ್ವ, ಭೂತ, ಮೈಮೇಲೆ ಬರುವುದು, ಸತ್ತವರು ಬಂದು ಮಾತಾಡಿಸಿದರು ಎನ್ನುವುದು, ಇಂಥದ್ದನ್ನು ಯಾರಾದರೂ ಹೇಳಲು ಶುರು ಮಾಡಿದರೆ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ಇಡುತ್ತಿದ್ದವಳು ನಾನು. ಎದುರಿಗೆ ಕೂತು ಕೇಳಿದರೆ ನಗು ಬಂದುಬಿಡುತ್ತದೆ, ಹೇಳುವವರಿಗೆ ಬೇಜಾರಾಗುತ್ತದೆ, ಯಾಕೆ ಬೇಕು ಅಂತ. ನನ್ನ ಕೆಲಸವೂ ಅದಕ್ಕೆ ತಕ್ಕಂತೆಯೇ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ನೆವಾರ್ಕಿನ ಒಂದು ಲ್ಯಾಬಿನಲ್ಲಿ ಕಾರಿನ ಬ್ಯಾಟರಿಗಳನ್ನು ಕಾಯಿಸಿ, ತಣಿಸಿ, ಕುಲುಕಿ, ಅವು ಯಾವಾಗ ಕೈಕೊಡುತ್ತವೆ ಎಂದು ನೋಡುತ್ತೇನೆ. ಒಂದು ಸಲ ಕೆಟ್ಟದ್ದು ಇನ್ನೊಂದು ಸಲ ಅದೇ ರೀತಿ ಕೆಡದಿದ್ದರೆ ನಾವು ನಂಬುವುದಿಲ್ಲ. ಎಲ್ಲೋ ವೈರು ಸಡಿಲವಾಗಿರಬೇಕು ಎಂದು ಬರೆದು ಫೈಲು ಮುಚ್ಚುತ್ತೇವೆ.

ಈಗ ಹೇಳಹೊರಟಿರುವುದು ಒಂದೇ ಸಲ ಆದದ್ದು. ಆಗಿ ನಾಲ್ಕು ವರ್ಷವಾಯಿತು, ಫೈಲು ಮುಚ್ಚಲು ನನ್ನಿಂದ ಆಗಿಲ್ಲ. ನೀವು ಎದ್ದು ಕಾಫಿಗೆ ಇಡುವುದಾದರೆ ಇಡಿ, ನನಗೇನೂ ಬೇಜಾರಿಲ್ಲ.

ಮೊದಲು ವಿಜಯಾಳ ವಿಷಯ ಹೇಳಬೇಕು. ವಿಜಯಾ ಧಾರವಾಡದವಳು, ನಾನು ಮೈಸೂರಿನವಳು. ಮದುವೆಯಾದ ಹೊಸದರಲ್ಲಿ ಫ್ರೀಮಾಂಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮಿಬ್ಬರದು ಎದುರುಬದುರು ಬಾಗಿಲು. ನಾವು ಬಂದ ಮೂರನೆಯ ದಿನವೇ ಬಾಗಿಲು ತಟ್ಟಿ, "ಕನ್ನಡದವ್ರ ಹೌದಲ್ರಿ? ಒಗ್ಗರಣಿ ವಾಸನಿ ಮ್ಯಾಲೆ ಗೊತ್ತಾತು" ಎಂದು ಒಂದು ಸ್ಟೀಲ್ ಡಬ್ಬಿ ನನ್ನ ಕೈಗಿಟ್ಟಳು. ಒಳಗೆ ಶೇಂಗಾ ಚಟ್ನಿಪುಡಿ. ಡಬ್ಬಿಯ ಮೈಮೇಲೆ ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು, 'ಚಿ. ಸೌ. ವಿಜಯಾ'. ಕೊರೆಯುವಾಗ ಅವನ ಕೈ ಜಾರಿ ಕೊನೆಯ ಅಕ್ಷರದಿಂದ ಒಂದು ಗೆರೆ ಕೆಳಗಿನವರೆಗೂ ಎಳೆದುಬಿಟ್ಟಿತ್ತು. ಮದುವೆಯಲ್ಲಿ ಅವಳ ಸೋದರತ್ತೆ ಕೊಟ್ಟ ಡಬ್ಬಿಯಂತೆ.

ಮರುವಾರ ಅದನ್ನು ತೊಳೆದು ವಾಪಸ್ ಕೊಡಲು ಹೋದೆ. ಮುಚ್ಚಳ ತೆಗೆದು ನೋಡಿ ಹೌಹಾರಿದಳು. "ಅಯ್ಯ, ಖಾಲಿ ಡಬ್ಬಿ ಕೊಡತಾರೇನು ಯಾರರ? ಹೋಗು, ಒಂದು ಚಿಮಟಿಗಿ ಸಕ್ಕರಿ ಆದ್ರೂ ಹಾಕ್ಕೊಂಡು ಬಾ!" ಅಮ್ಮನೂ ಮೈಸೂರಿನಲ್ಲಿ ಹಾಗೆಯೇ ಮಾಡುತ್ತಿದ್ದಳು. ಪಕ್ಕದ ಮನೆಯವರ ಪಾತ್ರೆ ಬರಿದಾಗಿ ಹಿಂದಿರುಗಿದ್ದನ್ನು ನಾನು ನೋಡಿರಲಿಲ್ಲ. ಆದರೆ ಅಮೆರಿಕಕ್ಕೆ ಬಂದವಳಿಗೆ ಅದೆಲ್ಲ ಯಾಕೆ ಎಂಬ ಜಂಬ ನನ್ನದು. ಮುಖ ಕೆಂಪು ಮಾಡಿಕೊಂಡು ಹೋಗಿ ಸಕ್ಕರೆ ತುಂಬಿಕೊಂಡು ಬಂದೆ. ಅಲ್ಲಿಂದ ಶುರುವಾಯಿತು. ಅವಳಿಂದ ಚಟ್ನಿಪುಡಿ, ನನ್ನಿಂದ ಹುಳಿಯವಲಕ್ಕಿ. ಅವಳಿಂದ ಕರದಂಟು, ನನ್ನಿಂದ ಕೋಡುಬಳೆ. ಅವರು ಎವರ್‌ಗ್ರೀನಿನಲ್ಲಿ ಮನೆ ತೆಗೆದುಕೊಂಡರು, ನಾವು ಅಲ್ಲಿಂದ ಮುಕ್ಕಾಲು ಗಂಟೆ ದೂರದ ಡಬ್ಲಿನ್ನಿಗೆ ಬಂದೆವು. ಡಬ್ಬಿ ಮಾತ್ರ ೬೮೦ ಫ್ರೀವೇಯಲ್ಲಿ ಹದಿನೆಂಟು ವರ್ಷ ಓಡಾಡಿತು. ಒಮ್ಮೆ ಅವಳ ಮನೆಯ ಡ್ರೈವ್‌ವೇಯಲ್ಲೇ ನನ್ನ ಕೈಯಿಂದ ಬಿದ್ದು ಮುಚ್ಚಳ ನೆಗ್ಗಿತು. "ನೀ ಬಿದ್ದಿಲ್ಲಲಾ, ಸಾಕು" ಅಂದಳು.

ಅವಳಿಗೊಂದು ಹುಚ್ಚಿತ್ತು, ಫ್ರಾನ್ಸ್. ಪ್ಯಾರಿಸ್ ಅಲ್ಲ. "ಆ ಟವರ್ ನೋಡಲಿಕ್ಕೆ ಮಂದಿ ರಗಡ್ ಅದಾರ. ನನಗ ಏನೂ ಇಲ್ಲದ್ದೊಂದು ಸಣ್ಣ ಊರು ಬೇಕು. ಅಲ್ಲಿ ಕೂತು ಅವರ ಬ್ರೆಡ್ಡಿಗೆ ಬೆಣ್ಣಿ ಹಚ್ಚಿ, ಮ್ಯಾಲೆ ನಮ್ಮ ಶೇಂಗಾ ಚಟ್ನಿ ಉದುರಿಸಿ ತಿನಬೇಕು. ನೀನೂ ಬರಬೇಕು ಮತ್ತ." ಇದಕ್ಕಾಗಿ ಫೋನಿನಲ್ಲಿ ದಿನಾ ಬೆಳಿಗ್ಗೆ ಫ್ರೆಂಚ್ ಕಲಿಯುತ್ತಿದ್ದಳು. ಹಿತ್ತಲಿನ ಕರಿಬೇವಿನ ಗಿಡದ ಜೊತೆ ಫ್ರೆಂಚಿನಲ್ಲಿ ಮಾತಾಡುತ್ತಿದ್ದಳು. ನಾನು ನಕ್ಕರೆ, "ಗಿಡಕ್ಕ ತಿಳೀತದ, ನಿನಗ ತಿಳಿಯೂದಿಲ್ಲ" ಅನ್ನುತ್ತಿದ್ದಳು. ಇಬ್ಬರಿಗೂ ಐವತ್ತು ತುಂಬಿದ ವರ್ಷ ಹೋಗುವುದೆಂದು ಮಾತಾಗಿತ್ತು.

ನಲವತ್ತೆಂಟಕ್ಕೆ ಅವಳಿಗೆ ಕ್ಯಾನ್ಸರ್ ಬಂತು. ಹೊಟ್ಟೆಯದು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಹೋಗಲಿಲ್ಲ. ಮೊದಲ ತಿಂಗಳು ಎರಡು ಸಲ ಹೋಗಿದ್ದೆ, ಆಮೇಲೆ ಹೋಗಲಿಲ್ಲ. ನನ್ನ ಅಮ್ಮ ಇದೇ ಕಾಯಿಲೆಯಲ್ಲಿ ಹೋದಾಗ ನನಗೆ ಹತ್ತೊಂಬತ್ತು. ಕೊನೆಯ ದಿನಗಳಲ್ಲಿ ಅಮ್ಮನ ಮುಖ ಹೇಗಾಗಿತ್ತು ಎಂಬುದನ್ನು ಮರೆಯಲು ನನಗೆ ಎಷ್ಟೋ ವರ್ಷ ಬೇಕಾಗಿತ್ತು. ಎರಡನೆಯ ಸಲ ಹೋದಾಗ ವಿಜಯಾಳ ಕೆನ್ನೆ ಒಳಗೆ ಹೋಗಿದ್ದನ್ನು ಕಂಡೆ. ಅಷ್ಟೇ, ನನ್ನ ಕಾಲು ಹಿಂದೆ ಸರಿಯಿತು. ಲ್ಯಾಬಿನಲ್ಲಿ ತುರ್ತು ಕೆಲಸ ಅಂದೆ. ೬೮೦ರಲ್ಲಿ ಟ್ರಾಫಿಕ್ಕು ಅಂದೆ. ನನಗೆ ನೆಗಡಿ, ನಿನಗೆ ಇನ್‌ಫೆಕ್ಷನ್ ಆದರೆ ಕಷ್ಟ ಅಂದೆ. ನೆಗಡಿ ಇರಲಿಲ್ಲ.

ಆ ಸ್ಥಿತಿಯಲ್ಲೂ ಗಂಡ ಶಿವಾನಂದ ಅವರ ಕೈಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿಸಿ ಅದೇ ಡಬ್ಬಿಯಲ್ಲಿ ಕಳಿಸಿದಳು. ಹತ್ತು ದಿನ ಬಿಟ್ಟು ಫೋನ್ ಮಾಡಿದಳು. ದನಿ ತೀರಾ ಸಣ್ಣಗಾಗಿತ್ತು.

"ಡಬ್ಬಿ ಯಾವಾಗ ತರತಿ?"

"ಭಾನುವಾರ ಬರ್ತೀನಿ ಕಣೆ. ಏನಾದ್ರೂ ಮಾಡ್ಕೊಂಡು ತರ್ತೀನಿ. ಏನು ತಿಂತೀಯ ಹೇಳು?"

"ನನಗೆಲ್ಲಿ ತಿನ್ನಲಿಕ್ಕೆ ಆಗತದ? ಏನೂ ಮಾಡಬ್ಯಾಡ. ಖಾಲಿ ತಂದರೂ ನಡೀತದ. ನೀ ಬಾ."

ಹದಿನೆಂಟು ವರ್ಷ ಖಾಲಿ ಡಬ್ಬಿ ಮುಟ್ಟದಿದ್ದವಳು ಹೀಗಂದಳು. ನಾನು ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಆಮೇಲೆ ಫ್ಯೂನರಲ್ ಹೋಮಿಗೆ ಹೋದೆ. ಕೊನೆಯ ಸಾಲಿನಲ್ಲಿ ನಿಂತು, ಮುಖ ನೋಡದೆ, ಶಿವಾನಂದ ಅವರನ್ನು ಮಾತಾಡಿಸದೆ ಬಂದುಬಿಟ್ಟೆ. ಡಬ್ಬಿ ನಮ್ಮ ಪ್ಯಾಂಟ್ರಿಯ ಮೇಲಿನ ಹಲಗೆಯಲ್ಲಿ, ಅಕ್ಕಿ ಚೀಲದ ಹಿಂದೆ ಉಳಿಯಿತು. ಒಳಗೆ ಅರ್ಧ ಪುಡಿ ಹಾಗೆಯೇ ಇತ್ತು. ತಿನ್ನಲು ಬಾಯಿ ಬರಲಿಲ್ಲ, ಚೆಲ್ಲಲು ಕೈ ಬರಲಿಲ್ಲ. ವಾಪಸ್ ಕೊಡುವ ಮುಖವಂತೂ ಇರಲಿಲ್ಲ.

ಎರಡು ವರ್ಷವಾಯಿತು. ನನ್ನ ಗಂಡ ಶ್ರೀಧರನಿಗೆ ಆಫೀಸಿನ ಕೆಲಸದ ಮೇಲೆ ಫ್ರಾನ್ಸಿನ ತುಲೂಸ್‌ಗೆ ಹೋಗುವುದಿತ್ತು. ಜೊತೆಗೆ ನೀನೂ ಬಾ, ಕೆಲಸ ಮುಗಿದ ಮೇಲೆ ನಾಲ್ಕು ದಿನ ಎಲ್ಲಾದರೂ ಇದ್ದು ಬರೋಣ ಅಂದ. ಊರನ್ನು ಆರಿಸಿದ್ದು ಅವನು. ಬಾಡಿಗೆ ಅಗ್ಗ, ಪಾರ್ಕಿಂಗ್ ಇದೆ ಎಂದು ಆರಿಸಿದ, ಬೇರೇನೂ ಕಾರಣವಿಲ್ಲ. ಆ ಊರಿನ ಹೆಸರು ಬರೆಯುವುದಿಲ್ಲ. ಓದಿದವರು ಕುತೂಹಲಕ್ಕೆ ಹೋಗಿ ಆ ಅಜ್ಜಿಯ ಬಾಗಿಲು ತಟ್ಟುವುದು ನನಗೆ ಬೇಡ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನನ್ನ ಗಂಡ ಇದರ ಮೇಲೆಯೇ ವಾದ ಮಾಡಿದ. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನ ಸೆಕ್ಯುರಿಟಿಯಲ್ಲಿ ನನ್ನ ಕೈಚೀಲವನ್ನು ಪೂರ್ತಿ ಬರಿದು ಮಾಡಿಸಿದ್ದರು. ಹಳೆಯ ರಸೀದಿ, ಬಾಚಣಿಗೆ, ಯಾವ ಕಾಲದ್ದೋ ಒಂದು ಕೆಮ್ಮಿನ ಮಾತ್ರೆ, ಎಲ್ಲ ಮೇಜಿನ ಮೇಲೆ ಹರಡಿತ್ತು, ಹಿಂದಿನ ಸಾಲಿನವರೆಲ್ಲ ನೋಡುತ್ತಿದ್ದರು. ಡಬ್ಬಿ ಅದರಲ್ಲಿ ಇರಲಿಲ್ಲ. ಸೂಟ್‌ಕೇಸು ತುಂಬಿದ್ದೂ ನಾನೇ. ಅದರಲ್ಲೂ ಇಟ್ಟಿರಲಿಲ್ಲ.

ಊರು ನಿಜಕ್ಕೂ ವಿಜಯಾ ಹೇಳುತ್ತಿದ್ದಂಥದ್ದೇ. ಏನೂ ಇಲ್ಲ. ಕಲ್ಲಿನ ಮನೆಗಳು, ಒಂದು ಚರ್ಚು, ಒಂದು ಬೇಕರಿ, ಒಂದು ಸಣ್ಣ ಹೊಳೆ. ಹೊಳೆಯ ದಡದಲ್ಲಿ ಮಾಡು ಹಾಕಿದ ಒಂದು ಹಳೆಯ ಕಲ್ಲಿನ ತೊಟ್ಟಿ. ಹಿಂದೆ ಊರಿನ ಹೆಂಗಸರೆಲ್ಲ ಅಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಮೊದಲ ಸಂಜೆ ಇಬ್ಬರೂ ಒಂದು ಸುತ್ತು ಹಾಕಿ ಬಂದೆವು. ಮರುದಿನ ಶ್ರೀಧರನ ಹೊಟ್ಟೆ ಕೆಟ್ಟಿತು. ಸಿಕ್ಕಿದ ಚೀಸನ್ನೆಲ್ಲ ರುಚಿ ನೋಡುತ್ತೇನೆ ಎಂದು ಹೊರಟರೆ ಇನ್ನೇನಾಗುತ್ತದೆ? ಅವನಿಗೆ ಮಜ್ಜಿಗೆ ಮಾಡಿಕೊಡೋಣ ಎಂದರೆ ಮನೆಯಲ್ಲಿ ಮೊಸರಿಲ್ಲ. ತರಲು ಹೊರಟೆ. ಆಗ ಮಧ್ಯಾಹ್ನ ಹನ್ನೆರಡೂವರೆ.

ಅಂಥ ಊರುಗಳಲ್ಲಿ ಮಧ್ಯಾಹ್ನ ಎಲ್ಲ ಮುಚ್ಚುತ್ತಾರೆ ಎಂದು ಕೇಳಿದ್ದೆ, ಆದರೆ ಈ ಪರಿ ಮುಚ್ಚುತ್ತಾರೆ ಎಂದುಕೊಂಡಿರಲಿಲ್ಲ. ಬೇಕರಿ ಮುಚ್ಚಿದೆ. ಅಂಗಡಿ ಮುಚ್ಚಿದೆ. ಕಿಟಕಿಗಳ ಮರದ ಬಾಗಿಲುಗಳೆಲ್ಲ ಎಳೆದುಕೊಂಡಿವೆ. ಬಿಸಿಲು ಸುಡುತ್ತಿದೆ, ಒಂದು ನಾಯಿಯೂ ಇಲ್ಲ. ನನ್ನ ಹೆಜ್ಜೆಯ ಸದ್ದು ನನಗೇ ಜೋರಾಗಿ ಕೇಳುತ್ತಿತ್ತು. ಆ ತೊಟ್ಟಿಯ ಹತ್ತಿರ ನೆರಳಿತ್ತು, ಹೋಗಿ ಕಟ್ಟೆಯ ಮೇಲೆ ಕೂತೆ. ನೀರು ತೆಳ್ಳಗೆ ಹರಿಯುತ್ತಿತ್ತು. ವಿಜಯಾ ನೆನಪಾದಳು. ಅವಳಿದ್ದಿದ್ದರೆ ಕಾಲು ನೀರಿಗೆ ಬಿಟ್ಟುಕೊಂಡು, "ನೋಡು, ಹೆಂಗದ ನಮ್ಮೂರು!" ಅನ್ನುತ್ತಿದ್ದಳು ಎನ್ನಿಸಿತು. ಇದೊಂದನ್ನು ಒಪ್ಪಿಕೊಳ್ಳುತ್ತೇನೆ, ಆ ಹೊತ್ತಿನಲ್ಲಿ ನನ್ನ ಮನಸ್ಸು ಸರಿಯಿರಲಿಲ್ಲ.

ಆಗ ಎದುರಿನ ಮನೆಯ ಬಾಗಿಲು ತೆರೆಯಿತು. ಎಂಬತ್ತೈದು ದಾಟಿದ ಒಬ್ಬ ಅಜ್ಜಿ. ನೀಲಿ ಏಪ್ರನ್ನು, ಬೆಳ್ಳಗಿನ ಗಿಡ್ಡ ಕೂದಲು. ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನನ್ನು ನೋಡಿ, ಎಷ್ಟೋ ಹೊತ್ತಿನಿಂದ ಕಾಯುತ್ತಿದ್ದವರು ಗದರುವ ಹಾಗೆ ಏನೋ ಅಂದು, ಕೈ ಬೀಸಿ ಕರೆದಳು. ನನಗೆ ಬರುವ ಫ್ರೆಂಚು ನಾಲ್ಕೇ ಮಾತು. ಸಹಾಯ ಬೇಕಿರಬಹುದು ಎಂದು ಹೋದೆ.

ಒಳಗೆ ತಣ್ಣಗಿತ್ತು. ಕಲ್ಲಿನ ನೆಲದ ಅಡುಗೆಮನೆ, ಮಧ್ಯದಲ್ಲಿ ಉದ್ದದ ಮೇಜು. ಅಜ್ಜಿಯ ಸೊಂಟಕ್ಕೆ ಏನೋ ಆಗಿರಬೇಕು, ಮೇಜು, ಕುರ್ಚಿ, ಗೋಡೆ ಹಿಡಿದು ಹಿಡಿದು ನಡೆಯುತ್ತಿದ್ದಳು. ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿದಳು. ಬಾಗಿಲಿಗೆ ನನ್ನ ಬೆನ್ನು. ಎದುರಿಗೆ ಇನ್ನೊಂದು ಕುರ್ಚಿ, ಮೇಜಿಗೆ ನೇರವಾಗಿಲ್ಲ, ಬಾಗಿಲು ಕಾಣುವಂತೆ ಸ್ವಲ್ಪ ತಿರುಗಿಸಿ ಇಟ್ಟಿತ್ತು. ಬ್ರೆಡ್ಡಿನ ತುಣುಕುಗಳು ಹರಡಿದ್ದವು. ಬೆಳ್ಳುಳ್ಳಿ ಹುರಿದ ವಾಸನೆ ಮೂಗಿಗೆ ಬಡಿಯಿತು. ಫ್ರೆಂಚರೂ ಬೆಳ್ಳುಳ್ಳಿ ತಿನ್ನುತ್ತಾರಲ್ಲ ಎಂದುಕೊಂಡೆ.

ಎರಡು ಕಪ್ ಕಾಫಿ ತಂದಳು. ಒಂದನ್ನು ನನ್ನ ಮುಂದೆ ಇಟ್ಟಳು. ಇನ್ನೊಂದು ತನಗೆ ಎಂದುಕೊಂಡೆ, ಆದರೆ ಅದನ್ನು ಆ ಖಾಲಿ ಕುರ್ಚಿಯ ಮುಂದೆ ಇಟ್ಟು, ತಾನು ಒಲೆಯ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಆಮೇಲೆ ಮಾತಿಗೆ ಶುರು ಮಾಡಿದಳು. ನನ್ನ ಜೊತೆ ಅಲ್ಲ, ಆ ಕುರ್ಚಿಯ ಜೊತೆ. ಒಂದು ಮಾತು ಆಡುವುದು, ತಲೆ ವಾಲಿಸಿ ಕೇಳುವುದು, ನಗುವುದು, ಆಮೇಲೆ ನನ್ನ ಕಡೆ ಕೈ ತೋರಿಸಿ ಇನ್ನೇನೋ ಹೇಳುವುದು. ಪಾಪ, ವಯಸ್ಸಾಗಿದೆ, ಹೋದ ಗಂಡನ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಂಡೆ. ನಾನೂ ಸುಮ್ಮನೆ ನಕ್ಕೆ. ಕಾಫಿ ಮುಗಿಸಿ, ಬರುವ ನಾಲ್ಕು ಮಾತಿನಲ್ಲಿ ಒಂದನ್ನು ಹೇಳಿ ಎದ್ದೆ.

ಅಜ್ಜಿ ಇರು ಎಂದು ಕೈಮಾಡಿದಳು. ಗೋಡೆ ಹಿಡಿದುಕೊಂಡು ಹೋಗಿ ಪಾತ್ರೆ ತೊಳೆಯುವ ಜಾಗದಿಂದ ಏನನ್ನೋ ತಂದು, ಏಪ್ರನ್ನಿನಲ್ಲಿ ಒರೆಸಿ, ನನ್ನ ಎರಡೂ ಕೈಗಳಲ್ಲಿಟ್ಟಳು.

ಸ್ಟೀಲ್ ಡಬ್ಬಿ. ನೆಗ್ಗಿದ ಮುಚ್ಚಳ. ಚುಕ್ಕೆ ಚುಕ್ಕೆಯಲ್ಲಿ 'ಚಿ. ಸೌ. ವಿಜಯಾ'. ಕೊನೆಯ ಅಕ್ಷರದಿಂದ ಜಾರಿದ ಗೆರೆ.

ಅಜ್ಜಿಯ ಮುಖ ನೋಡಿದೆ. ಅವಳು ನಗುತ್ತ ಆ ಕುರ್ಚಿಯ ಕಡೆ ಗದ್ದ ಎತ್ತಿ ತೋರಿಸಿದಳು. ನಾನು ಆ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ತಿರುಗಿ ಹೊರಗೆ ಬಂದು ಬಿಸಿಲಿನಲ್ಲಿ ಓಡಿದೆ. ಐವತ್ತು ವರ್ಷದ ಹೆಂಗಸು, ಎದೆಗೆ ಡಬ್ಬಿ ಅವಚಿಕೊಂಡು, ಆ ಕಲ್ಲುಹಾಸಿನ ಬೀದಿಯಲ್ಲಿ ಓಡಿದೆ. ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಎಳೆದು ಎಳೆದು ಹಾಕುವ ಹೆಜ್ಜೆ. ಮುದುಕಿ ಹಿಂದೆಯೇ ಬರುತ್ತಿದ್ದಾಳೆ ಎಂದುಕೊಂಡು ಇನ್ನೂ ಜೋರಾಗಿ ಓಡಿದೆ. ಚರ್ಚಿನ ತಿರುವಿನಲ್ಲಿ ಆ ಸದ್ದು ನಿಂತಿತು.

ಶ್ರೀಧರ ಹಾಸಿಗೆಯಲ್ಲಿ ಎದ್ದು ಕೂತು ನನ್ನನ್ನು ನೋಡಿ ಗಾಬರಿಯಾದ. ಡಬ್ಬಿ ಮುಂದೆ ಹಿಡಿದೆ. ಅವನು ಮುಚ್ಚಳ ತೆಗೆದ. ಪುಡಿ ಇರಲಿಲ್ಲ. ಡಬ್ಬಿಯನ್ನು ಚೆನ್ನಾಗಿ ತೊಳೆದು ಒಣಗಿಸಿದ್ದರು. ಒಳಗೆ ಒಂದು ಹಿಡಿ ಸಕ್ಕರೆ, ಅಲ್ಲಿ ಕಾಫಿಗೆ ಹಾಕುವ ಚೌಕದ ತುಂಡುಗಳು.

"ಮನೆಯಿಂದ ತಂದಿದ್ಯಾ ಇದನ್ನ?" ಅಂದ.

ನಡೆದದ್ದನ್ನು ಹೇಳಿದೆ. ಅವನು ಸಮಾಧಾನವಾಗಿಯೇ ಕೇಳಿ, "ನೋಡು, ನೀನೇ ಸೂಟ್‌ಕೇಸಿಗೆ ಹಾಕಿರ್ತೀಯ ಕಣೆ. ನಿನಗೆ ಗೊತ್ತಿಲ್ಲದೇನೇ. ಅವಳು ಹೋದಾಗ ನೀನು ಅಳಲೇ ಇಲ್ಲ, ಅದೆಲ್ಲ ಎಲ್ಲಿಗೆ ಹೋಗಬೇಕು?" ಅಂದ. "ಹಾಗಾದ್ರೆ ಅಜ್ಜಿ ಕೈಗೆ ಹೇಗೆ ಹೋಯ್ತು?" ಎಂದೆ. "ನೀನೇ ಕೊಟ್ಟಿರ್ತೀಯ" ಅಂದ. ನಾಳೆ ನಾನೂ ಬರುತ್ತೇನೆ, ಕೇಳಿಬಿಡೋಣ ಎಂದೂ ಅಂದ. ನನ್ನ ಗಂಡ ಒಳ್ಳೆಯವನು.

ಮರುದಿನ ಬೆಳಿಗ್ಗೆ ಹೋದೆವು. ಮನೆ ಅಲ್ಲೇ ಇತ್ತು, ಅಜ್ಜಿಯೂ ಇದ್ದಳು. ಮನೆ ಪಾಳುಬಿದ್ದಿತ್ತು, ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು ಎನ್ನುವ ಹಾಗಿದ್ದರೆ ನನಗೇ ಕಥೆಯ ಮೇಲೆ ಅನುಮಾನ ಬರುತ್ತಿತ್ತು. ಅದೃಷ್ಟಕ್ಕೆ ಅವಳ ಮಗಳು ಬಂದಿದ್ದಳು. ಪಕ್ಕದ ಪಟ್ಟಣದಲ್ಲಿ ಟೀಚರಂತೆ, ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಅಜ್ಜಿ ನನ್ನನ್ನು ನೋಡಿದ ಕೂಡಲೇ ಮುಖ ಅರಳಿಸಿ, ನನ್ನ ಹಿಂದೆ ಇಣುಕಿ ಏನೋ ಕೇಳಿದಳು. ಮಗಳು ನಗುತ್ತ ಹೇಳಿದಳು: ನಿಮ್ಮ ಗೆಳತಿ ಬಂದಿಲ್ಲವಾ ಎಂದು ಅಮ್ಮ ಕೇಳುತ್ತಿದ್ದಾರೆ.

ಶ್ರೀಧರ ನನ್ನ ತೋಳು ಹಿಡಿದುಕೊಂಡ. ನಾನು ಯಾವ ಗೆಳತಿ ಎಂದೆ.

ಅಜ್ಜಿ ಹೇಳುತ್ತ ಹೋದಳು, ಮಗಳು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ನಿನ್ನೆ ಹನ್ನೊಂದು ಗಂಟೆಗೆ ಒಬ್ಬಳು ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಳು. ನಿಮ್ಮ ದೇಶದವಳೇ, ತುಂಬ ಸೊರಗಿದ್ದಳು. ನೀರು ಕೊಡೋಣ ಎಂದು ಒಳಗೆ ಕರೆದೆ. ಫ್ರೆಂಚು ನಿಧಾನ, ಆದರೆ ತಪ್ಪಿಲ್ಲ, ಪುಸ್ತಕದಲ್ಲಿ ಇರುವ ಹಾಗೆ. ಅವಳ ಕೈಯಲ್ಲಿದ್ದ ಡಬ್ಬಿಯಲ್ಲಿ ಕಂದು ಬಣ್ಣದ ಪುಡಿಯಿತ್ತು, ಖಾರ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಅದರ ಮೇಲೆ ಉದುರಿಸಿ ತಿನ್ನಬೇಕು ಎಂದು ತೋರಿಸಿಕೊಟ್ಟಳು. ತಾನು ತಿನ್ನಲಿಲ್ಲ, ಆಗುವುದಿಲ್ಲ ಅಂದಳು. ನಾನೇ ಎಲ್ಲ ತಿಂದು ಮುಗಿಸಿದೆ. ಗೆಳತಿ ಬರುತ್ತಾಳೆ, ಡಬ್ಬಿ ಅವಳಿಗೆ ಕೊಡಬೇಕು, ಖಾಲಿ ಕೊಡಬೇಡಿ ಅಂದಳು. ಅದಕ್ಕೇ ಸಕ್ಕರೆ ಹಾಕಿದೆ.

ನಿಮ್ಮ ತಾಯಿಗೆ ಮರೆವಿನ ಕಾಯಿಲೆ ಏನಾದರೂ ಇದೆಯೇ ಎಂದು ಶ್ರೀಧರ ಮೆಲ್ಲಗೆ ಕೇಳಿದ. ಮಗಳ ಮುಖ ಬಿಗಿಯಾಯಿತು. ಇಡೀ ಊರಿನವರ ಹುಟ್ಟಿದ ದಿನ ಅಮ್ಮನಿಗೆ ಬಾಯಿಪಾಠ ಬರುತ್ತದೆ ಅಂದಳು.

ನನಗೆ ಕೇಳಬೇಕಾಗಿದ್ದದ್ದು ಒಂದೇ. ಅವಳು ನನ್ನ ಮೇಲೆ ಸಿಟ್ಟಾಗಿದ್ದಳಾ? ಮಗಳಿಗೆ ಅರ್ಥವಾಗಲಿಲ್ಲ, ಎರಡು ಸಲ ಹೇಳಿದೆ. ಅಜ್ಜಿ ಯೋಚಿಸಿ ತಲೆ ಅಲ್ಲಾಡಿಸಿದಳು. ಸಿಟ್ಟೇನಿಲ್ಲ. ಕುರ್ಚಿಯನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿಕೊಂಡಳು. ನೀನು ಬರುವವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳು. ಬಂದ ಮೇಲೆ ನೀನು ಯಾಕೆ ಅವಳನ್ನು ಮಾತಾಡಿಸಲಿಲ್ಲ? ನನಗೆ ಬೇಜಾರಾಯಿತು. ನೀನು ಎದ್ದು ಓಡಿದೆ. ಅವಳೂ ಎದ್ದು ನಿನ್ನ ಹಿಂದೆ ಹೊರಟಳು. ಅವಳ ಕೈಯಲ್ಲಿ ಓಡಲು ಎಲ್ಲಿ ಆಗುತ್ತದೆ?

ಆ ಚಪ್ಪಲಿ ಸದ್ದು ನಿಮ್ಮದಲ್ಲವೇ ಎಂದೆ. ಅಜ್ಜಿ ಗೋಡೆಗೆ ಒರಗಿಸಿದ್ದ, ಹಿಡಿದುಕೊಂಡು ನಡೆಯುವ ಗಾಲಿಯ ವಾಕರನ್ನು ತೋರಿಸಿದಳು. ಎರಡು ವರ್ಷದಿಂದ ಅಮ್ಮ ಒಬ್ಬರೇ ಹೊಸ್ತಿಲು ದಾಟಿಲ್ಲ ಎಂದಳು ಮಗಳು.

ಡಬ್ಲಿನ್ನಿನ ನಮ್ಮ ಮನೆಗೆ ವಾಪಸ್ ಬಂದ ಮೇಲೆ ಮೊದಲು ಪ್ಯಾಂಟ್ರಿಗೆ ಹೋದೆ. ಅಕ್ಕಿ ಚೀಲದ ಹಿಂದೆ ಡಬ್ಬಿಯಿರಲಿಲ್ಲ. ಹಲಗೆಯ ಮೇಲೆ ಧೂಳಿಲ್ಲದ ಒಂದು ವೃತ್ತ ಮಾತ್ರ ಇತ್ತು. ಅಂದರೆ ಇದು ಬೇರೆ ಡಬ್ಬಿಯಲ್ಲ, ಅದೇ. ಶ್ರೀಧರ ಇದನ್ನೇ ಹಿಡಿದುಕೊಂಡ: ನೋಡಿದೆಯಾ, ನೀನೇ ತಂದದ್ದು. ಇರಬಹುದು. ನಾನೇ ತಂದೆ, ನಾನೇ ಹನ್ನೊಂದು ಗಂಟೆಗೆ ಹೋಗಿ ಕೂತೆ, ನನಗೆ ಬಾರದ ಭಾಷೆಯಲ್ಲಿ ಮಾತಾಡಿದೆ, ಆಮೇಲೆ ಮರೆತೆ ಎನ್ನೋಣ. ಆದರೆ ಹನ್ನೊಂದಕ್ಕೆ ನಾನು ಇದೇ ಶ್ರೀಧರನ ತಲೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ.

ಆ ಶನಿವಾರ ಎವರ್‌ಗ್ರೀನಿಗೆ ಹೋದೆ. ಎರಡು ವರ್ಷದ ಮೇಲೆ ಆ ಬಾಗಿಲ ಮುಂದೆ ನಿಂತು ಬೆಲ್ ಒತ್ತಿದೆ. ಶಿವಾನಂದ ಅವರು ಬಾಗಿಲು ತೆರೆದು, "ಬರ್ರಿ ಅಕ್ಕಾರ, ಬರ್ರಿ" ಅಂದರು, ನಿನ್ನೆ ಮೊನ್ನೆ ಬಂದುಹೋದವರನ್ನು ಕರೆಯುವ ಹಾಗೆ. ಒಂದು ಮಾತೂ ಆಡಿಕೊಳ್ಳಲಿಲ್ಲ. ಡಬ್ಬಿ ಕೊಟ್ಟೆ. ಅಜ್ಜಿಯ ಸಕ್ಕರೆ ಅದರಲ್ಲೇ ಇತ್ತು. ಅವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

"ಅಕಿ ಕಡೀಕ ಇದನ್ನ ಭಾಳ ನೆನಸ್ತಿದ್ಲು. ಇಲ್ಲೇ ಹಾಲ್‌ನ್ಯಾಗ ಹಾಸಿಗಿ ಹಾಕಿದ್ವಿ. ಅಕಿ ಸುಮ್ನ ಇರಲಿಲ್ಲ, ಮಂಚಾನ ತಿರುಗಿಸಿ ಹಾಕಸಿದ್ಲು. ಬಾಗಲಾ ಕಾಣಬೇಕು ಅಂತ."

ನನಗೆ ಕೂರಲು ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಎರಡು ವರ್ಷದಲ್ಲಿ ಬಾರದ ಅಳು ಅಲ್ಲಿ ಬಂತು. ಜೋರಾಗಿಯೇ ಅತ್ತೆ. ಅವರು ಅಳಬೇಡಿ ಎನ್ನಲಿಲ್ಲ, ಎದ್ದು ಅಡುಗೆಮನೆಗೆ ಹೋದರು. ಫ್ರಾನ್ಸಿನ ವಿಷಯ ನಾನು ಅವರಿಗೆ ಹೇಳಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ನನಗೆ ಈಗಲೂ ಏನೂ ಅರ್ಥವಾಗಿಲ್ಲ. ವಿಜಯಾ ಬಂದಿದ್ದಳು ಎಂದು ಹೇಳಲು ನನ್ನ ಬಾಯಿ ಒಪ್ಪುವುದಿಲ್ಲ. ಬಂದಿರಲಿಲ್ಲ ಎನ್ನಲು ಮನಸ್ಸು ಒಪ್ಪುವುದಿಲ್ಲ. ಬಂದಿದ್ದಳು ಎಂದಾದರೆ, ಅಷ್ಟು ದೂರ ಬಂದವಳ ಎದುರು ಕೂತು ಕಾಫಿ ಕುಡಿದು, ಮುಖ ಎತ್ತಿ ನೋಡದೆ ಓಡಿಬಂದವಳು ನಾನು. ಬದುಕಿದ್ದಾಗ ಒಂದು ಸಲ, ಆಮೇಲೆ ಒಂದು ಸಲ. ನನ್ನನ್ನು ಕಾಡುವುದು ದೆವ್ವವಲ್ಲ, ಇದು.

ಅಂದು ಶಿವಾನಂದ ಅವರಿಗೆ ಹೇಳಿ ಹೊರಟು ಡ್ರೈವ್‌ವೇಯಲ್ಲಿ ಕಾರಿನ ಬಾಗಿಲು ತೆರೆಯುತ್ತಿದ್ದೆ. ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಎಳೆದು ಎಳೆದು ಹಾಕುವ ಹೆಜ್ಜೆ. ಈ ಸಲ ತಿರುಗಿದೆ.

ಶಿವಾನಂದ ಅವರು ಡಬ್ಬಿ ಹಿಡಿದು ನಿಂತಿದ್ದರು. ಕಾಲಿಗೆ ಸಿಕ್ಕಿಸಿಕೊಂಡು ಬಂದದ್ದು ವಿಜಯಾಳ ಚಪ್ಪಲಿ, ಅವರಿಗೆ ತೀರಾ ಚಿಕ್ಕದು.

"ಬಿಟ್ಟ ಹೊಂಟ್ರಲ್ಲರಿ. ಶೇಂಗಾ ಚಟ್ನಿ ಹಾಕೀನಿ. ಅಕಿ ಕೈರುಚಿ ಬಂದಿಲ್ಲ, ನಡಸ್ಕೋರಿ."

ಡಬ್ಬಿ ತೆಗೆದುಕೊಂಡೆ. ಬೆಚ್ಚಗಿತ್ತು. ಅವರ ಹಿಂದೆ ಮನೆಯ ಬಾಗಿಲು ತೆರೆದೇ ಇತ್ತು. ಅವರು ಒಳಗೆ ಹೋದ ಮೇಲೂ ನಾನು ಅಲ್ಲೇ ನಿಂತು ಆ ಬಾಗಿಲನ್ನು ನೋಡುತ್ತಿದ್ದೆ.